ಅಕ್ಕೋರ ಗಾಡಿಯ ನಾಲ್ಕು ಫಿಲ್ಟರು

ಗಾಡಿಯೊಳಗೆ ಕೂತರೆ ಕೆಮ್ಮು, ಇಳಿದು ಅರ್ಧ ತಾಸಾದರೆ ಕೆಮ್ಮಿಲ್ಲ. ಅಕ್ಕೋರು ಹೇಳಿದ್ದು ಇಷ್ಟೇ. ಇಷ್ಟು ಹೇಳುವುದಕ್ಕೂ ಅವರು ನನ್ನ ವರ್ಕ್‌ಶಾಪಿನ ಕುರ್ಚಿಯ ಮೇಲೆ ಕೂತು ಮೂರು ಸಲ ತಡೆದು ತಡೆದು ಉಸಿರು ಎಳೆದುಕೊಳ್ಳಬೇಕಾಯಿತು. ತೊಗರಿ ರಾಶಿಯ ದಿನಗಳು ಅವು. ಊರಂಚಿನ ಕಪನೂರಿನ ಬೇಳೆ ಮಿಲ್ಲುಗಳು ಹಗಲಿಡೀ ಹೊಟ್ಟು ಹಾರಿಸುತ್ತಿದ್ದವು. ಹುಮನಾಬಾದ್ ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಒಕ್ಕಣೆ ಮಾಡುವ ರಾಶಿ ಮಷೀನುಗಳು ಗರ್ರೆನ್ನುತ್ತಿದ್ದವು. ನನ್ನ ಸ್ವಂತ ಮೂಗೇ ಸಂಜೆ ಹೊತ್ತಿಗೆ ಕಟ್ಟಿಹೋಗುತ್ತಿತ್ತು. ಹಾಗಾಗಿ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಅಂದುಕೊಂಡೆ.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಈ ಅಕ್ಕೋರು ನಮ್ಮೂರ ಶಹಾಬಜಾರ ಓಣಿಯವರು, ಹುಮನಾಬಾದ್ ರಸ್ತೆಯ ಮೇಲಿನ ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ದಸರೆಗೆ ಒಂದು ಹಳೇ ಬಿಳಿ ಕಾರು ಕೊಂಡು, ತಾವೇ ಓಡಿಸಿಕೊಂಡು ದಿನಾ ಹೋಗಿಬರುತ್ತಿದ್ದರು. ನನ್ನ ವರ್ಕ್‌ಶಾಪು ಅದೇ ದಾರಿಯಲ್ಲಿದೆ. ನಾನು ಮಾಡುವುದು ಕಾರುಗಳ ಎಸಿ ಕೆಲಸ ಮಾತ್ರ. ಇಂಜಿನ್ ಕೆಲಸಕ್ಕೆ ಬಂದವರನ್ನು ಪಕ್ಕದವರ ಕಡೆ ಕಳಿಸುತ್ತೇನೆ. ಬಾಯಿ ಸ್ವಲ್ಪ ಜೋರು, ಕೈ ಮಾತ್ರ ನಿಧಾನ ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಾಳೆ.

“ಡಾಕ್ಟರ್ ಏನಂತಾರ್ರಿ ಅಕ್ಕೋರ?”

“ಧೂಳಿಂದು ದಮ್ಮು ಅಂತಾರ ಅಣ್ಣಾ. ಇನ್ನೊಂದು ತಿಂಗಳದಾಗ ಕಡಿಮಿ ಆಗ್ಲಿಲ್ಲಂದ್ರ ರಜಾ ಹಾಕಿ ಮನ್ಯಾಗ ಕೂಡ್ರಿ ಅಂದಾರ. ಮಾರ್ಚ್‌ನಾಗ ಹತ್ತನೇತ್ತದ ಹುಡುಗರ ಪರೀಕ್ಷಾ ಅದ. ನಾ ಮನ್ಯಾಗ ಕೂತ್ರ ಅವಕ್ಕ ವಿಜ್ಞಾನ ಹೇಳೋರು ಯಾರೂ ಇಲ್ಲ.”

“ಬಸ್ಸಿನಾಗ ಹೋಗಿ ನೋಡ್ರಿ ಹಂಗಾದ್ರ.”

“ಬಸ್ಸಿನ ಕಿಟಕಿ ಮುಚ್ಚಂಗಿಲ್ಲ. ಹುಡುಗರಕಿಂತ ಮೊದಲು ನಾನೇ ಹೊಟ್ಟು ಮೈಮ್ಯಾಲ ಹಾಕ್ಕೊಂಡು ಶಾಲಿಗಿ ಹೋಗ್ತೀನಿ.” ಹೀಗೆ ಹೇಳಿ ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ಕಾರಿನೊಳಗೆ ಗಾಳಿ ಬರುವ ದಾರಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ ಒಂದು ಕಪ್ಪು ಜಾಳಿ ಇರುತ್ತದೆ. ಹೊರಗಿನ ಗಾಳಿ ಅಲ್ಲಿಂದ ಇಳಿದು, ಫಿಲ್ಟರ್ ದಾಟಿ, ಬ್ಲೋವರ್ ಎಂಬ ಫ್ಯಾನಿನ ಮೂಲಕ ನಮ್ಮ ಮುಖಕ್ಕೆ ಬರುತ್ತದೆ. ಕಂಪನಿಯವರು ಅದಕ್ಕೆ ಕ್ಯಾಬಿನ್ ಫಿಲ್ಟರ್ ಅನ್ನುತ್ತಾರೆ, ನಾವು ಎಸಿ ಫಿಲ್ಟರ್ ಅನ್ನುತ್ತೇವೆ. ಎಡಗಡೆ ಸೀಟಿನ ಮುಂದಿನ ಗ್ಲೋವ್ ಬಾಕ್ಸಿನ ಹಿಂದೆ ಅದು ಕೂತಿರುತ್ತದೆ. ಗಾಡಿ ತೊಳೆಯುವವರು ಚಕ್ರದ ನಟ್ಟನ್ನೂ ಒರೆಸುತ್ತಾರೆ, ಇದರ ಕಡೆ ಮಾತ್ರ ಒಬ್ಬರೂ ತಿರುಗಿ ನೋಡುವುದಿಲ್ಲ.

ಗ್ಲೋವ್ ಬಾಕ್ಸ್ ಖಾಲಿ ಮಾಡಿದೆ. ಬಣ್ಣದ ಚಾಕ್‌ಪೀಸು, ಲಿಟ್ಮಸ್ ಕಾಗದದ ಪೊಟ್ಟಣ, ಅರ್ಧ ತಿಂದ ಚಿಕ್ಕಿ. ಬಾಕ್ಸಿನ ಎರಡೂ ಕೆನ್ನೆಗಳನ್ನು ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಬಾಗುತ್ತದೆ. ಹಿಂದೆ ಉದ್ದನೆಯ ಮುಚ್ಚಳ, ಎರಡು ತುದಿಗೂ ಒಂದೊಂದು ಕ್ಲಿಪ್. ಫಿಲ್ಟರನ್ನು ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಮೆಲ್ಲಗೆ ಎಳೆಯಬೇಕು. ಜಗ್ಗಿದರೆ ಮೇಲಿನ ಕಸವೆಲ್ಲ ಬ್ಲೋವರಿಗೆ ಸುರಿಯುತ್ತದೆ. ಹೊರಗೆ ಬಂದದ್ದನ್ನು ನೋಡಿ ಅಕ್ಕೋರು ಮೂಗಿಗೆ ಸೆರಗು ಹಿಡಿದರು. ತೊಗರಿ ಹೊಟ್ಟು, ಬೇವಿನೆಲೆ, ಮಿಡತೆಯ ಕಾಲು, ಮಡಿಕೆಗಳ ಸಂದಿಯಲ್ಲಿ ಬೆರಳು ದಪ್ಪ ಧೂಳು. ಹಿಂದಿನ ಮಾಲೀಕ ಅದನ್ನು ಮುಟ್ಟಿಯೇ ಇರಲಿಲ್ಲ.

“ಅಕ್ಕೋರ, ಇನ್ನೊಂದು ಮಳಿ ಬಿದ್ದಿದ್ರ ಇದರಾಗ ತೊಗರಿ ಬೆಳೀತಿತ್ತು ನೋಡ್ರಿ!”

ನನ್ನ ಬಳಿಯಿದ್ದ ಸಾದಾ ಬಿಳಿ ಫಿಲ್ಟರ್ ಹಾಕಿದೆ. ಅದರ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕಿಗೆ ಅದು ಮುಖ ಮಾಡಬೇಕು. ಬಾಣ ನೋಡಿದೆ, ಮುಚ್ಚಳ ಹಾಕಿದೆ, ಬ್ಲೋವರನ್ನು ಪೂರ್ತಿ ಜೋರಿಗೆ, ನಾಲ್ಕಕ್ಕೆ ತಿರುಗಿಸಿದೆ. ಅಕ್ಕೋರ ಕೂದಲು ಹಾರಿತು. “ಶನಿವಾರಕ್ಕೊಮ್ಮೆ ಬರ್ರಿ, ಫಿಲ್ಟರಿಗಿ ಹವಾ ಹೊಡದು ಕೊಡ್ತೀನಿ” ಅಂದೆ. ಕಂಪ್ರೆಸರಿನ ಗಾಳಿಯಿಂದ ಧೂಳು ಹಾರಿಸಿ ಮತ್ತೆ ಅದೇ ಫಿಲ್ಟರನ್ನು ಕೂರಿಸುವುದು ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವ ಕೆಲಸ. ಅದಕ್ಕೆ ನಾನು ಏನೂ ತೆಗೆದುಕೊಳ್ಳುವುದಿಲ್ಲ, ಪ್ರೀತಿಯ ಗಿರಾಕಿಗಳಿಗಂತೂ ಕರೆಕರೆದು ಮಾಡುತ್ತೇನೆ.

ಶನಿವಾರ ಶಾಲೆ ಬೆಳಿಗ್ಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಕ್ಕೋರು ವಾಪಸು ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದರು. ನಾನು ಫಿಲ್ಟರಿಗೆ ಪುಸ್ ಪುಸ್ ಅಂತ ಹವಾ ಹೊಡೆಯುತ್ತಿದ್ದೆ, ಅವರು ಕುರ್ಚಿಯ ಮೇಲೆ ಕೂತು ಹುಡುಗರ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಮೊದಲ ವಾರ ಕೆಮ್ಮು ಇಳಿದಿತ್ತು. ಎರಡನೇ ವಾರ ಸ್ವಲ್ಪ ಇದೆ ಅಂದರು. ಮೂರನೇ ಶನಿವಾರ ಗಾಡಿ ನಿಲ್ಲಿಸಿ ಬಾಗಿಲು ತೆರೆದವರು ಕೆಳಗೆ ಇಳಿಯಲೇ ಇಲ್ಲ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೆಮ್ಮಿದರು.

ಫಿಲ್ಟರ್ ತೆಗೆದೆ. ಹವಾ ಹೊಡೆಯಲು ಎತ್ತಿದವನು ಅದೇಕೋ ಬಿಸಿಲಿಗೆ ಹಿಡಿದು ನೋಡಿದೆ. ಬಿಳಿ ಬಟ್ಟೆಯ ತುಂಬ ಸೂಜಿಯಿಂದ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು! ಆ ಬಟ್ಟೆ ನೂಲಿನದಲ್ಲ, ಎಳೆಗಳನ್ನು ಒತ್ತಿ ಮಾಡಿದ್ದು. ನನ್ನ ಕಂಪ್ರೆಸರಿನ ಗಾಳಿ ವಾರವಾರವೂ ಆ ಎಳೆಗಳನ್ನು ಬಿಡಿಸಿ ಧೂಳಿಗೆ ದಾರಿ ಮಾಡಿಕೊಟ್ಟಿತ್ತು. ಇಪ್ಪತ್ತು ವರ್ಷದಿಂದ ಎಷ್ಟು ಗಾಡಿಗಳಿಗೆ ಈ ಉಪಕಾರ ಮಾಡಿದ್ದೇನೋ! ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು.

“ಅಕ್ಕೋರ, ತಪ್ಪು ನಂದು” ಅಂದೆ. “ಗಾಡಿ ಇಲ್ಲೇ ಇರಲಿ. ಇದೀಗ ಬರ್ತೀನಿ.”

ಸ್ಕೂಟರ್ ಹತ್ತಿ ಸ್ಟೇಶನ್ ಬಜಾರಕ್ಕೆ ಹೋದೆ. ಅಲ್ಲಿ ಬಿಡಿಭಾಗ ಮಾರುವ ಹಳೇ ಅಂಗಡಿಯ ಯಜಮಾನರು ನನಗೆ ಬಳಕೆಯವರು. ಅವರೆದುರು ಫಿಲ್ಟರನ್ನು ಬಿಸಿಲಿಗೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ ಹೊಟ್ಟೆ ಕುಣಿಸಿ ನಕ್ಕರು.

“ಅರೇ ಉಸ್ತಾದ್, ಇದು ಫಿಲ್ಟರ್ ಅಲ್ಲ, ಹಿಟ್ಟಿನ ಜರಡಿ ಮಾಡೀರಿ! ಇದಕ್ಕ ಹವಾ ಹೊಡೀಬಾರ್ದು ಅಂತ ಡಬ್ಬಿ ಮ್ಯಾಲೇ ಬರದಿರ್ತದ. ಯಾರು ಓದ್ತಾರ?”

“ನಗೋದು ಸಾಕು ಭಾಯಿಸಾಬ್. ಒಬ್ಬ ಹೆಣ್ಣಮಗಳ ದಮ್ಮಿನ ಸವಾಲ್ ಅದ. ಛಲೋದು ತೋರಿಸ್ರಿ.”

ಅವರು ನಗು ನಿಲ್ಲಿಸಿ ಮೂರು ಬಗೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಒಂದು ಸಾದಾ ಬಿಳಿಯದು. ಇನ್ನೊಂದು ಕಪ್ಪಗೆ, ಇದ್ದಿಲು ಸೇರಿಸಿದ್ದು. ಹೊಗೆ, ವಾಸನೆಯನ್ನೂ ಹಿಡಿಯುತ್ತದೆ. ಮೂರನೆಯದು ಬಹಳ ದಟ್ಟನೆಯದು, ಹಿಟ್ಟಿನಂಥ ಧೂಳನ್ನೂ ಬಿಡುವುದಿಲ್ಲ. “ಆದ್ರ ಉಸ್ತಾದ್, ಹಳೇ ಗಾಡಿ ಬ್ಲೋವರಿಗಿ ಅದನ್ನ ಎಳೆಯೋ ತಾಕತ್ತು ಇರಂಗಿಲ್ಲ” ಎಂದು ಎಚ್ಚರಿಸಿದರು. ನಾನು ಅಂಚಿಗೆ ಸ್ಪಂಜಿನ ಪಟ್ಟಿಯಿದ್ದ ಕಪ್ಪು ಫಿಲ್ಟರನ್ನು ಆರಿಸಿದೆ. ಅಂಚಿನಲ್ಲಿ ಒಂದು ಕಡ್ಡಿ ತೂರುವಷ್ಟು ಸಂದಿ ಇದ್ದರೂ ಗಾಳಿ ಫಿಲ್ಟರನ್ನು ಬಿಟ್ಟು ಆ ಸಂದಿಯಿಂದಲೇ ನುಗ್ಗುತ್ತದೆ. ಅಳತೆ ಎರಡೆರಡು ಸಲ ನೋಡಿ ತಂದು, ಕೂರಿಸಿ, ಸುತ್ತಲೂ ಬೆರಳಾಡಿಸಿ ಖಾತ್ರಿ ಮಾಡಿಕೊಂಡೆ.

ನಾಲ್ಕು ದಿನಕ್ಕೆ ಅಕ್ಕೋರು ಮತ್ತೆ ಬಂದರು. ಈ ಸಲ ದನಿಯೇ ಬಿದ್ದುಹೋಗಿತ್ತು. ತರಗತಿಯಲ್ಲಿ ಬಾಯಿಂದ ಹೇಳಲಾಗದೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದಾರಂತೆ. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಗಾಡಿಯ ಮೇಲೆ. ಹೊಸ ಫಿಲ್ಟರ್ ಎಳೆದೆ. ಕಪ್ಪು ಮಡಿಕೆಗಳ ಮೇಲೆ ನುಣ್ಣನೆಯ ಬಿಳಿ ಪುಡಿ ಎದ್ದು ಕಾಣುತ್ತಿತ್ತು. ತೊಗರಿ ಹೊಟ್ಟು ಕಂದು ಬಣ್ಣದ್ದು, ಕೈಗೆ ತರಿತರಿ ಹತ್ತುತ್ತದೆ. ಇದು ತೊಗರಿಯದಲ್ಲ. ಬಿಳಿ ಫಿಲ್ಟರಿನಲ್ಲಿ ಬಿಳಿ ಪುಡಿ ಕಾಣದೆ ನಾನು ಮೋಸ ಹೋಗಿದ್ದೆ.

ಎಲ್ಲಿಂದ ಬರುತ್ತಿದೆಯೋ ಅಲ್ಲೇ ನೋಡೋಣ ಎಂದು ಬಾನೆಟ್ ಎತ್ತಿದೆ. ವೈಪರುಗಳನ್ನು ಕಳಚಿ, ಕ್ಲಿಪ್ಪುಗಳನ್ನು ಎಬ್ಬಿಸಿ, ಗಾಜಿನ ಬುಡದ ಜಾಳಿ ತೆಗೆದೆ. ಕೆಳಗೆ ನೀರು ಹರಿಯುವ ತೂತು ಪೂರ್ತಿ ಕಟ್ಟಿತ್ತು. ಇಬ್ಬನಿಯ ನೀರಿನಲ್ಲಿ ನೆನೆದು ಗಟ್ಟಿಯಾದ ಬಿಳಿ ಕೆಸರು, ಅದರ ಮೇಲೆ ಒಣ ಪುಡಿಯ ಹೊಸ ಪದರ. ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿದೆ, ಮೂಸಿದೆ. ಈ ನುಣುಪು ನನಗೆ ಚೆನ್ನಾಗಿ ಗೊತ್ತು. ತಲೆ ಎತ್ತಿದರೆ ಗಾಜಿನಲ್ಲಿ ನನ್ನ ಮುಖ ಕಂಡಿತು. ನನ್ನ ಹಣೆಯ ಮೇಲೆ ಅದೇ ಪುಡಿಯ ಮೂರು ಗೆರೆ.

“ಅಕ್ಕೋರ, ಗಾಡಿಗಿ ವಿಭೂತಿ ಯಾರು ಹಾಕ್ತಾರ್ರಿ?”

ಅವರು ಕೈಯಲ್ಲಿದ್ದ ಪೆನ್ನಿನ ಟೋಪಿಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಆಮೇಲೆ ಬಿದ್ದ ದನಿಯಲ್ಲೇ ಹೇಳಿದರು. “ನಮ್ಮತ್ತಿ.”

“ನಿಮಗ ಗೊತ್ತಿತ್ತೇನು?”

“ದಿನಾ ನೋಡ್ತೀನಲ್ಲ ಅಣ್ಣಾ. ನಾ ಗಾಡಿ ಚಾಲೂ ಮಾಡಕಿಂತ ಮೊದಲು ಬಂದು ಹಾಕಿ ಹೋಗ್ತಾರ. ದಸರಾದಾಗ ಗಾಜಿಗಿ ಮೂರು ಬಟ್ಟು ಎಳದಿದ್ರು. ದಾರಿ ಕಾಣಂಗಿಲ್ಲ ಅಂತ ನಮ್ಮವರು ಒರಸಿ ಬಿಟ್ರು. ಅವತ್ತಿಂದ ಗಾಜಿನ ಬುಡಕ್ಕ ಹಾಕ್ತಾರ. ಮೊದಲ ಚಿಟಿಕಿ ಇತ್ತು. ನನಗ ಕೆಮ್ಮು ಹತ್ತಿದ ಮ್ಯಾಲ ಹಿಡಿ ಆಗ್ಯಾದ.”

“ಶಿವನೇ! ಒಂದು ಮಾತು ಹೇಳ್ಬಾರ್ದೇನ್ರಿ ಅವರಿಗಿ? ವಿಜ್ಞಾನ ಕಲಸೋರು ನೀವು!”

“ಹೇಳಿದ್ರ ನಿಲ್ಲಸಿ ಬಿಡ್ತಾರ.”

ನನಗೆ ಅರ್ಥವಾಗಲಿಲ್ಲ. ನಿಲ್ಲಿಸುವುದೇ ಬೇಕಲ್ಲವೇ? ಅಕ್ಕೋರು ಆಗ ಬಿಡಿಸಿ ಹೇಳಿದರು. ಅವರು ಗೋಪಿಚಂದನ ಹಚ್ಚುವ ಆಚಾರ್ಯರ ಮನೆಯ ಮಗಳು, ಮದುವೆಯಾಗಿದ್ದು ವಿಭೂತಿಯ ಮನೆಗೆ, ಇಬ್ಬರೂ ಮೆಚ್ಚಿ ಮಾಡಿಕೊಂಡದ್ದು. ಹನ್ನೊಂದು ವರ್ಷವಾಯಿತು. ಅತ್ತೆ ಒಂದು ದಿನವೂ ಕೆಟ್ಟ ಮಾತು ಆಡಿದವರಲ್ಲ, ಆದರೆ ನೇರವಾಗಿ ಒಂದು ಮಾತನ್ನೂ ಆಡಿದವರಲ್ಲ. ಊಟಕ್ಕೆ ಕರೆಯಬೇಕಾದರೂ ಮೊಮ್ಮಗಳಿಗೆ “ನಿಮ್ಮವ್ವಗ ಹೇಳು” ಅನ್ನುತ್ತಾರೆ.

“ನನಗಂತ ಅವರು ತಾವಾಗೇ ಮಾಡಿದ್ದು ಇದೊಂದೇ ಅಣ್ಣಾ. ಚಳ್ಯಾಗ ಎದ್ದು ಹೊರಗ ಬಂದು ಹಾಕ್ತಾರ. ಅದು ನಿಂತ್ರ ನನಗ ಏನೂ ಉಳಿಯಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ. ಇದನ್ನೂ ತಡಿಯೋವಂಥ ಫಿಲ್ಟರ್ ಇದ್ರ ಹಾಕ್ರಿ.”

ಆಗಲಿ, ಯಾರಿಗೂ ಹೇಳುವುದಿಲ್ಲ ಎಂದುಬಿಟ್ಟೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಇದೆಯಲ್ಲ, ಅದನ್ನು ಒತ್ತಿ ಹೊರಗಿನ ಗಾಳಿಯನ್ನು ನಿಲ್ಲಿಸಬಹುದು ಎಂದೆ. ಅದನ್ನು ಅವರು ಮೊದಲೇ ಮಾಡಿ ನೋಡಿದ್ದರು. ಚಳಿಗಾಲದ ಬೆಳಿಗ್ಗೆ ಹಾಗೆ ಮಾಡಿದರೆ ಉಸಿರಿನ ಹಬೆಗೆ ಗಾಜೆಲ್ಲ ಮಸುಕಾಗುತ್ತದೆ. ಹೊರಗಿನ ಗಾಳಿ ಬೇಕೇ ಬೇಕು. ಹಾಗಾದರೆ ಉಳಿದದ್ದು ದಟ್ಟನೆಯ ಫಿಲ್ಟರ್ ಒಂದೇ. ಸ್ಟೇಶನ್ ಬಜಾರದ ಭಾಯಿಸಾಬ್ ಹೇಳಿದ ಎಚ್ಚರಿಕೆ ತಲೆಯಲ್ಲಿದ್ದರೂ ಅದನ್ನೇ ತಂದೆ. ಕೆಸರು ತೊಳೆದು, ತೂತು ಬಿಡಿಸಿ, ಹೊಸದನ್ನು ಕೂರಿಸಿದೆ. ಬ್ಲೋವರ್ ನಾಲ್ಕಕ್ಕೆ ಇಟ್ಟರೂ ಬಂದದ್ದು ಬೀಸಣಿಗೆಯಷ್ಟು ಗಾಳಿ. ನಂಬಿಕೆ ಸಾಲದೆ, “ನಾಳಿ ಮುಂಜಾನಿ ನಾನೂ ನಿಮ್ಮ ಸಂಗಟ ಕಮಲಾಪುರ ತನಕ ಬರ್ತೀನಿ” ಅಂದೆ.

ಮರುದಿನ ಬೆಳಿಗ್ಗೆ ನನ್ನನ್ನು ವರ್ಕ್‌ಶಾಪಿನ ಮುಂದೆ ಹತ್ತಿಸಿಕೊಂಡರು. ವೈಪರಿನ ಕೆಳಗೆ ಹೊಸ ಹಿಡಿ ವಿಭೂತಿ ಬೆಳ್ಳಗೆ ಕೂತಿತ್ತು. ಕಪನೂರು ದಾಟುವ ತನಕ ಎಲ್ಲ ಸರಿ ಇತ್ತು. ಅಕ್ಕೋರು ಒಮ್ಮೆಯೂ ಕೆಮ್ಮಲಿಲ್ಲ, ನಾನು ಒಳಗೊಳಗೇ ಹಿಗ್ಗಿದೆ. ಮುಂದೆ ಹೊಲಗಳ ಮೇಲೆ ಮಂಜು ದಟ್ಟವಾಯಿತು. ಗಾಜಿನ ಅಂಚಿನಲ್ಲಿ ಶುರುವಾದ ಮಸುಕು ನೋಡುನೋಡುತ್ತಿದ್ದಂತೆ ನಡುವಿಗೆ ಬಂತು. ಅದನ್ನು ಓಡಿಸುವಷ್ಟು ಗಾಳಿ ಆ ಫಿಲ್ಟರಿನಿಂದ ಬರುತ್ತಿರಲಿಲ್ಲ. ನಾನು ಎಡಗಡೆಯಿಂದ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಅವರು ಕತ್ತು ಮುಂದೆ ಚಾಚಿ ಓಡಿಸುತ್ತಿದ್ದರು. ಕಮಲಾಪುರ ಇನ್ನೇನು ಬಂತು ಅನ್ನುವಾಗ ಮಂಜಿನೊಳಗಿಂದ ತೊಗರಿ ಕಟ್ಟಿಗೆ ಹೇರಿದ ಟ್ರ್ಯಾಕ್ಟರಿನ ಬೆನ್ನು ಧುತ್ತೆಂದು ಎದುರಿಗೆ ನಿಂತಿತು.

“ಬ್ರೇಕ್! ಅಕ್ಕೋರ, ಬ್ರೇಕ್!”

ಒಂದು ಮೊಳ ಅಂತರದಲ್ಲಿ ಗಾಡಿ ನಿಂತಿತು. ಟ್ರ್ಯಾಕ್ಟರಿನವನಿಗೆ ನಾವು ಇದ್ದದ್ದೂ ಗೊತ್ತಾಗಲಿಲ್ಲ, ಅವನ ಪಾಡಿಗೆ ಅವನು ಹೋದ. ಅಕ್ಕೋರು ಗಾಡಿಯನ್ನು ಬದಿಗೆ ತಂದು, ಕಿಟಕಿ ಇಳಿಸಿದರು. ಹೊರಗಿನ ತಣ್ಣನೆ ಧೂಳು ಗಾಳಿ ಒಳಗೆ ನುಗ್ಗಿದ್ದೇ ತಡ, ಕೆಮ್ಮು ಹತ್ತಿತು. ಅಂಥ ಕೆಮ್ಮನ್ನು ನಾನು ಕೇಳಿರಲಿಲ್ಲ. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಚೀಲ ತಡಕಿ ದಮ್ಮಿನ ಔಷಧದ ಪಂಪು ಬಾಯಿಗಿಟ್ಟುಕೊಂಡರು. ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆ ತೂಗುಹಾಕುತ್ತಿದ್ದ ಹೆಂಗಸು ಓಡಿಬಂದು ಅವರ ಬೆನ್ನು ನೀವಿದಳು. “ಸಾವಕಾಶ ನನ್ನವ್ವಾ, ಸಾವಕಾಶ” ಎನ್ನುತ್ತ ನೀರು ಕುಡಿಸಿದಳು. ನಾನು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದೆ.

ಅವರ ಉಸಿರು ಹದಕ್ಕೆ ಬರುವ ಹೊತ್ತಿಗೆ ನಾನು ಮನಸ್ಸು ಗಟ್ಟಿ ಮಾಡಿಯಾಗಿತ್ತು.

“ಅಕ್ಕೋರ, ಇದಕಿಂತ ಸಣ್ಣ ತೂತಿಂದು ಹಾಕಿದ್ರ ಹವಾನೇ ಬರಂಗಿಲ್ಲ. ದೊಡ್ಡ ತೂತಿಂದು ಹಾಕಿದ್ರ ವಿಭೂತಿ ಬರ್ತದ. ನನ್ನ ಹತ್ರ ಇನ್ನ ಫಿಲ್ಟರ್ ಇಲ್ಲ. ನಿಮ್ಮತ್ತಿಗಿ ನಾ ಹೇಳ್ತೀನಿ.”

“ಬ್ಯಾಡ ಅಣ್ಣಾ, ಕೈ ಮುಗೀತೀನಿ.”

“ಹೇಳೋನೇ ನಾ.”

“ಮಾತು ಕೊಟ್ಟಿದ್ರಿ ನೀವು! ಹೇಳಿದ್ರಂದ್ರ ಇನ್ನ ನಿಮ್ಮ ವರ್ಕ್‌ಶಾಪಿನ ಕಡಿ ಗಾಡಿ ಹೊಳ್ಳಸಂಗಿಲ್ಲ.”

“ಹೊಳ್ಳಸಬ್ಯಾಡ್ರಿ!” ನನ್ನ ದನಿ ಏರಿತು. “ನಿಮಗ ಏನರ ಆದ್ರ ಆ ಮುದುಕಿ ಯಾರ ಗಾಡಿಗಿ ವಿಭೂತಿ ಹಾಕ್ಬೇಕ್ರಿ?”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಾಳೆಹಣ್ಣಿನ ಹೆಂಗಸು ನನ್ನನ್ನು ಕೆಕ್ಕರಿಸಿ ನೋಡಿದಳು. ಅಕ್ಕೋರು ಮುಖ ಒರೆಸಿಕೊಂಡು, ಕಿಟಕಿ ಪೂರಾ ಇಳಿಸಿಕೊಂಡೇ ಶಾಲೆಗೆ ಹೋದರು. ನಾನು ಬಸ್ಸು ಹತ್ತಿ ವಾಪಸು ಬಂದೆ. ದಾರಿಯುದ್ದಕ್ಕೂ ಅದೇ ಯೋಚನೆ. ಸೊಸೆ ಚಾಡಿ ಹೇಳಿ ಕಳಿಸಿದಳು ಅಂತ ಆ ತಾಯಿಗೆ ಅನ್ನಿಸಬಾರದು. ನಿಮ್ಮ ವಿಭೂತಿಯಿಂದ ಹೀಗಾಯಿತು ಅನ್ನುವ ಮಾತು ನನ್ನ ಬಾಯಿಂದ ಬರಲೂಬಾರದು. ಬಸ್ಸು ಕಪನೂರಿಗೆ ಬರುವಷ್ಟರಲ್ಲಿ ಒಂದು ದಾರಿ ಹೊಳೆಯಿತು. ಮೊದಲು ನನ್ನ ತಪ್ಪು ಹೇಳುವುದು. ಉಳಿದದ್ದನ್ನು ಅವರ ಕಣ್ಣಿಗೇ ಬಿಡುವುದು.

ಭಾನುವಾರ ಬೆಳಿಗ್ಗೆ ಸ್ಪಾನರು, ಹತ್ಯಾರಗಳ ಚೀಲ, ತೂತು ಬಿದ್ದ ಬಿಳಿ ಫಿಲ್ಟರ್, ಹೊಸದೊಂದು ಕಪ್ಪು ಫಿಲ್ಟರ್ ಸ್ಕೂಟರಿಗೆ ಕಟ್ಟಿಕೊಂಡು ಶಹಾಬಜಾರಕ್ಕೆ ಹೋದೆ. ಕೈಗಾಡಿ ಎದುರಾದರೆ ಗೋಡೆಗೆ ಅಂಟಿಕೊಳ್ಳಬೇಕಾದಂಥ ಗಲ್ಲಿ ಅದು. ಅಕ್ಕೋರ ಮನೆಯ ಮುಂದೆ ಮಾತ್ರ ಒಂದು ಗಾಡಿ ನಿಲ್ಲುವಷ್ಟು ಜಾಗ. ಅಕ್ಕೋರ ಗಂಡ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಗಿಡ್ಡ ಆಳು, ಹಣೆ ತುಂಬ ವಿಭೂತಿ.

“ಯಾರಪ್ಪಾ ನೀ?”

“ಗಾಡಿ ಎಸಿ ಮಾಡಾಂವ ಆಯಿ. ಅಕ್ಕೋರ ಗಾಡಿ ಫಿಲ್ಟರ್ ಬದಲಿ ಮಾಡಾಕ ಬಂದೀನಿ.”

“ಛಲೋ ಮಾಡಿ ನೋಡಪ್ಪಾ. ಆಕಿ ಭಾಳ ಕೆಮ್ತಾಳ. ಈಗೀಗ ರಾತ್ರೆಲ್ಲ ಗೋಡಿ ಆಚಿಗಿ ಕೇಳಸ್ತದ, ನನಗ ನಿದ್ದಿ ಹತ್ತಂಗಿಲ್ಲ.”

ಒಳಗಿಂದ ಅಕ್ಕೋರು ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಮುಖ ಬಿಳಚಿಕೊಂಡಿತು. ಬೇಡವೆಂಬಂತೆ ತಲೆಯಾಡಿಸಿ ಒಳಗೆ ಹೋದರು.

ನಾನು ಕಟ್ಟೆಯ ಮೇಲೆ ಪೇಪರ್ ಹಾಸಿ ಮೊದಲ ಬಿಳಿ ಫಿಲ್ಟರನ್ನು ಇಟ್ಟೆ. ಬಿಸಿಲಿಗೆ ಎತ್ತಿ ಹಿಡಿದು ತೂತುಗಳನ್ನು ತೋರಿಸಿದೆ. “ಇದು ನನ್ನ ತಪ್ಪು ಆಯಿ. ಅಕ್ಕೋರಿಗಿ ಒಳ್ಳೇದಾಗ್ಲಿ ಅಂತ ವಾರಾ ವಾರಾ ಹವಾ ಹೊಡದೆ. ನನ್ನ ಕೈಯಿಂದೇ ತೂತು ಬಿದ್ವು. ಧೂಳು ಒಳಗ ಹೋತು.”

“ಬೇಕಂತ ಮಾಡೀ ಏನು? ಬಿಡು.” ಆಕೆ ಸೊಪ್ಪಿನ ಕಡ್ಡಿ ಬದಿಗೆ ಸರಿಸಿ ನನ್ನನ್ನೇ ಸಮಾಧಾನ ಮಾಡಿದರು.

“ಇನ್ನೊಂದು ಜಾಗಾ ಅದ. ಗಾಡಿ ಮೂಗು. ಬರ್ರಿ, ತೋರಸ್ತೀನಿ.”

ಆಕೆ ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದರು. ನಾನು ವೈಪರ್ ಕಳಚಿದೆ, ಕ್ಲಿಪ್ ಎಬ್ಬಿಸಿದೆ, ಜಾಳಿ ಎತ್ತಿ ಬದಿಗಿಟ್ಟೆ. “ಗಾಡಿ ಉಸಿರು ತಗೊಳ್ಳೋದು ಇಲ್ಲಿಂದ. ಇಲ್ಲಿದ್ದದ್ದೆಲ್ಲ ಸೀದಾ ಒಳಗ ಕೂತೋರ ಎದಿಗಿ ಹೋಗ್ತದ.” ಅಷ್ಟು ಹೇಳಿ ಹಿಂದೆ ಸರಿದು ನಿಂತೆ.

ಆಕೆ ಬಗ್ಗಿ ನೋಡಿದರು. ತೋರುಬೆರಳು ಇಳಿಸಿ ಪುಡಿಯನ್ನು ಮುಟ್ಟಿದರು. ಹೆಬ್ಬೆರಳಿನಿಂದ ಉಜ್ಜಿದರು. ನಾನು ಉಜ್ಜಿ, ಮೂಸಿ ನೋಡಬೇಕಾಗಿ ಬಂದಿತ್ತು, ಆಕೆಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ಕೈ ಹಾಗೇ ನಿಂತಿತು. ಗಲ್ಲಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

“ಇದು ನಂದು” ಅಂದರು.

ನಾನು ಜಾಳಿಗೆ ಅಂಟಿದ್ದ ಪುಡಿ ಒರೆಸತೊಡಗಿದೆ.

“ಆಕಿ ಎದಿಗಿ ನಾನೇ ಬೂದಿ ಹಾಕೀನಲ್ಲೋ ತಮ್ಮಾ!” ಸೆರಗಿನಿಂದ ಬಾಯಿ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. “ಆಕಿಗಿ ಗೊತ್ತದ ಏನು?”

ಸುಳ್ಳು ಬಾಯಿಯ ತನಕ ಬಂತು, ಆದರೆ ಆ ಮುಖ ನೋಡಿ ಆಡಲಾಗಲಿಲ್ಲ.

“ಗೊತ್ತದ ಆಯಿ. ಹೇಳಿದ್ರ ನೀವು ನಿಲ್ಲಸ್ತೀರಿ ಅಂತ ಹೇಳಿಲ್ಲ. ಅತ್ತಿ ನನಗಂತ ಮಾಡೋದು ಅದೊಂದೇ ಅಂದ್ರು.”

ಆಕೆ ಗಾಡಿಯ ಬಾನೆಟ್ಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಾತಾಡಿದ್ದು ನನ್ನ ಜೊತೆಯೋ ಗಾಡಿಯ ಜೊತೆಯೋ ತಿಳಿಯಲಿಲ್ಲ. “ಹಣಿಗಿ ಹಚ್ಚಬೇಕಂತ ಎಷ್ಟ ಸಲ ಕೈ ಎತ್ತೀನಿ ಗೊತ್ತೇನು? ಅವರು ಗೋಪಿಚಂದನದ ಮಂದಿ. ಆಕಿ ಹಣಿ ಹಿಂದಕ್ಕ ತಗೊಂಡ್ರ ನಾ ಮಾರಿ ಎಲ್ಲಿ ಇಟ್ಕೋಬೇಕು? ಗಾಡಿ ಏನೂ ಅನ್ನಂಗಿಲ್ಲಲ್ಲ. ಅದಕ್ಕ ಗಾಡಿಗಿ ಹಾಕಿದೆ.”

ಹಿಂದೆ ಕಪ್ಪು-ಬಸಿಯ ಸದ್ದಾಯಿತು. ಅಕ್ಕೋರು ನನಗೆ ಚಹಾ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಣ್ಣು ತುಂಬಿತ್ತು. ಅತ್ತೆ ತಿರುಗಿ ನೋಡಿದರು. ಹೇಳಿ ಕಳಿಸಲು ಅಲ್ಲಿ ಮೊಮ್ಮಗಳೂ ಇರಲಿಲ್ಲ, ಯಾರೂ ಇರಲಿಲ್ಲ.

“ಏ ಹುಚ್ಚೀ!” ಆಕೆಯ ದನಿಗೆ ಗಲ್ಲಿಯ ಆಚೆ ಮನೆಯ ಕಿಟಕಿ ತೆರೆಯಿತು. “ಬಾಯಿ ಇಲ್ಲೇನು ನಿನಗ? ಊರ ಹುಡುಗರಿಗೆಲ್ಲ ಪಾಠ ಹೇಳ್ತೀ, ನನಗೊಂದು ಮಾತು ಹೇಳಾಕ ಏನಾಗಿತ್ತು? ಉಸಿರು ಹೋಗಿದ್ರ ಏನು ಮಾಡ್ತಿದ್ದೆ ನಾ? ಹಣಿ ಅಲ್ಲೇ ಇತ್ತಲ್ಲ, ನನ್ನ ಕಡಿ ಒಂದು ಸಲ ಬಗ್ಗಿಸಬಾರ್ದಾಗಿತ್ತೇನು?”

ಅಕ್ಕೋರು ಅಳುತ್ತಿದ್ದರೋ ನಗುತ್ತಿದ್ದರೋ ದೇವರಿಗೇ ಗೊತ್ತು. ನನ್ನ ಚಹಾ ಅರ್ಧ ಬಸಿಗೆ ಚೆಲ್ಲಿತ್ತು. “ಈಗ ಬಗ್ಗಸ್ತೀನ್ರಿ ಅತ್ತಿ” ಎಂದು ಬಿದ್ದ ದನಿಯಲ್ಲಿ ಹೇಳುತ್ತ ಮೆಟ್ಟಿಲು ಇಳಿದರು. ನಾನು ಗ್ಲೋವ್ ಬಾಕ್ಸಿನೊಳಗೆ ತಲೆ ತೂರಿಸಿಕೊಂಡೆ. ಅಲ್ಲಿ ನನಗೆ ಬೇಕಾದಷ್ಟು ಕೆಲಸವಿತ್ತು.

ಬ್ಲೋವರನ್ನೇ ಕೆಳಗಿಳಿಸಿ ಅದರ ರೆಕ್ಕೆಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕಿದೆ. ಜಾಳಿಯ ಕೆಳಗೆ ನಾಲ್ಕು ಕೊಡ ನೀರು ಹಾಕಿ ತೊಳೆದೆ. ದಟ್ಟನೆಯ ಫಿಲ್ಟರ್ ತೆಗೆದು ಕಪ್ಪು ಫಿಲ್ಟರ್ ಕೂರಿಸುವಾಗ ಟಾರ್ಚ್ ಹಿಡಿದವರು ಆ ಆಯಿಯೇ. ಬಾಣದ ಗುರುತು ತೋರಿಸಿ ಅರ್ಥ ಹೇಳಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿ, ಸರಿ ಇದೆ ಎಂದ ಮೇಲೆಯೇ ನಾನು ಮುಚ್ಚಳ ಹಾಕಿದ್ದು. ಬೇಕಾದರೆ ಹಿಂದಿನ ಬಂಪರಿಗೆ ವಿಭೂತಿ ಹಚ್ಚಬಹುದು, ಅಲ್ಲಿಂದ ಒಳಗೆ ಬರುವುದಿಲ್ಲ ಎಂದು ಸಲಹೆ ಕೊಟ್ಟೆ.

“ಗಾಡಿಗ್ಯಾಕೋ?” ಅಂದರು ಆಯಿ. “ಗಾಡಿ ಏನು ನನ್ನ ಸೊಸಿ ಏನು?”

ಮರುವಾರವೆಲ್ಲ ಅಕ್ಕೋರ ಗಾಡಿ ನನ್ನ ವರ್ಕ್‌ಶಾಪಿನ ಮುಂದೆ ನಿಲ್ಲದೆ ಹೋಯಿತು. ಹೇಳಿದಂತೆ ಮಾಡಿದರಲ್ಲ ಅಂತ ನನಗೆ ಒಳಗೊಳಗೇ ಕೆಟ್ಟದೆನಿಸಿತು. ಶನಿವಾರ ಮಧ್ಯಾಹ್ನ ಹಾರ್ನ್ ಕೇಳಿಸಿತು. ಅಕ್ಕೋರು ಬಾಳೆಹಣ್ಣು ಹಿಡಿದು ಇಳಿದುಬಂದು ಎಂದಿನ ಕುರ್ಚಿಯ ಮೇಲೆ ಕೂತರು.

“ಹ್ಯಾಂಗ ನಡದದ್ರಿ ಮನ್ಯಾಗ?” ಹೆದರುತ್ತಲೇ ಕೇಳಿದೆ.

“ಏನ್ ಕೇಳ್ತೀರಿ ಅಣ್ಣಾ, ಬೈಗುಳನೇ ಬೈಗುಳ! ಮುಂಜಾನಿ ಎದ್ದ ಕೂಡ್ಲೇ ಚಾಲೂ. ಸ್ವೆಟರ್ ಯಾಕ ಹಾಕಿಲ್ಲ, ತಣ್ಣೀರು ಯಾಕ ಕುಡದಿ, ತಲಿ ತೋಕೊಂಡು ಒಣಸದೇ ಹೊಂಟೀ ಏನು, ರಾಶಿ ಮಷೀನ್ ಕಂಡ್ರ ಕಿಟಕಿ ಇಳಸಬ್ಯಾಡ, ಡಬ್ಬ್ಯಾಗ ರೊಟ್ಟಿ ಉಳಸಿ ತಂದ್ರ ನೋಡು, ಪರೀಕ್ಷಾ ಹುಡುಗರಿಗದ ನಿನಗಿಲ್ಲ, ಹತ್ತಕ್ಕ ಮಲಗು, ಆ ಗಾಡಿ ರಿಪೇರಿಯಂವಗ ಹಣ್ಣು ಒಯ್ದು ಕೊಡು ಅಂದಿದ್ದೆ ಮರ್ತೀ ಏನು ಅಂತ ಇವತ್ತು ಮತ್ತ ಬೈದ್ರು. ನಂಗ ಬೈದ್ರು ಅಣ್ಣಾ, ನಂಗ!”

ಇಷ್ಟನ್ನೂ ಗಟ್ಟಿ ದನಿಯಲ್ಲಿ, ಕೈ ತಿರುಗಿಸುತ್ತ ಹೇಳಿದರು. ನಡುವೆ ಒಂದು ಸಲವೂ ಕೆಮ್ಮಲಿಲ್ಲ.